ತಲೆದಿಂಬಿನ ಕೆಳಗಿನ ಕಾಗದ

“ಇದನ್ನು ಓದುವವರಿಗೆ ಕಲಾವತಿ ಮಾಡುವ ನಮಸ್ಕಾರ. ನನಗೆ ಎಪ್ಪತ್ತು ವರ್ಷ ಆಯಿತು. ನಾನು ನಾಲ್ಕನೇ ಕ್ಲಾಸಿನವರೆಗೆ ಕಲಿತವಳು, ತಪ್ಪಿದ್ದರೆ ಸರಿ ಮಾಡಿಕೊಂಡು ಓದಿ. ನನ್ನ ಯಜಮಾನರು ಭೋಜರಾಜ ಅಂತ. ಅವರನ್ನು ಆಸ್ಪತ್ರೆಯಲ್ಲಿ ಇಪ್ಪತ್ತಮೂರು ದಿನ ಇಟ್ಟುಕೊಂಡರು. ಇನ್ನು ಏಳುವುದು ಕಷ್ಟ ಅಂತ ದೊಡ್ಡ ಡಾಕ್ಟರು ಮೂರನೇ ದಿನವೇ ಹೇಳಿದ್ದರು. ಆದರೂ ಬಾಯಿಗೆ ಒಂದು ಪೈಪು, ಮೂಗಿಗೆ ಒಂದು ಪೈಪು, ಕೆಳಗೆ ಒಂದು ಪೈಪು. ಅವರು ಮೂವತ್ತೆಂಟು ವರ್ಷ ಹೋಟೆಲಿನಲ್ಲಿ ನಿಂತು ಬಂದವರ ಹತ್ತಿರವೆಲ್ಲ ಏನು ಬೇಕು ಅಂತ ಕೇಳಿದವರು. ಅವರಿಗೆ ಏನು ಬೇಕು ಅಂತ ಕೊನೆಗೆ ಯಾರೂ ಕೇಳಲಿಲ್ಲ. ಕೇಳಿದ್ದರೂ ಹೇಳುವುದು ಹೇಗೆ, ಬಾಯಲ್ಲಿ ಪೈಪು.

ನನಗೆ ಗುಣ ಆಗುವ ಕಾಯಿಲೆ ಬಂದರೆ ಔಷಧಿ ಕೊಡಿ, ಸೂಜಿ ಹಾಕಿ, ಬೇಡ ಅನ್ನುವುದಿಲ್ಲ. ಆಪರೇಷನ್ ಬೇಕಾದರೂ ಮಾಡಿ. ಆದರೆ ಗುಣ ಆಗುವುದಿಲ್ಲ ಅಂತ ಗೊತ್ತಾದ ಮೇಲೆ ಉಸಿರಿನ ಮೆಶಿನ್ ಹಾಕಬೇಡಿ. ಮೂಗಿನ ಪೈಪಿನಲ್ಲಿ ಗಂಜಿ ಇಳಿಸಬೇಡಿ. ನೋವು ಕಡಿಮೆ ಮಾಡುವ ಮದ್ದು ಕೊಡಿ. ಬಾಯಿ ಒಣಗಿದರೆ ಹತ್ತಿಯಲ್ಲಿ ನೀರು ಮುಟ್ಟಿಸಿ. ಅವರ ಕೈ ಕಟ್ಟಿದ ಹಾಗೆ ನನ್ನ ಕೈ ಕಟ್ಟಬೇಡಿ. ಮನೆಗೆ ಕಳಿಸಿ. ನಮ್ಮ ಹಾಲಿನಲ್ಲಿ ಕಿಟಕಿಯ ಹತ್ತಿರ ಮಂಚ ಹಾಕಿದರೆ ಸಾಕು. ಇದು ನಾನು ಬುದ್ಧಿ ನೆಟ್ಟಗಿರುವಾಗ ಬರೆದದ್ದು. ಯಾರೂ ಹೇಳಿಕೊಟ್ಟದ್ದಲ್ಲ.”

ರೂಲು ಹಾಕಿದ ನೋಟ್‌ಬುಕ್ಕಿನ ಎರಡು ಹಾಳೆ ತುಂಬ ನೀಲಿ ಪೆನ್ನಿನ ದಪ್ಪ ಅಕ್ಷರ. ಎರಡು ವರ್ಷದ ಹಿಂದೆ, ಭೋಜರಾಜರ ಹದಿಮೂರನೆಯ ದಿನದ ಊಟ ಮುಗಿದು ನೆಂಟರೆಲ್ಲ ಊರಿಗೆ ಹೊರಟ ಮೇಲೆ ಕಲಾವತಿಯಮ್ಮ ಇದನ್ನು ಬರೆದರು. ನಾಲ್ಕು ಮಧ್ಯಾಹ್ನ ಹಿಡಿಯಿತು. ಮಡಚಿ, ತೊಳೆದೊಣಗಿಸಿದ ಹಾಲಿನ ಪ್ಯಾಕೆಟ್ಟಿನೊಳಗಿಟ್ಟು, ಪರ್ಸಿನ ಒಳಜೇಬಿಗೆ ಸೇರಿಸಿದರು. ಪಲ್ಲಾವರಂ ಸಂತೆಗೆ ಹೋಗುವಾಗಲೂ, ಅಡ್ಯಾರಿನ ನೆಂಟರ ಮನೆಗೆ ಹೋಗುವಾಗಲೂ ಅದು ಜೊತೆಗೇ ಇತ್ತು. ಎಲ್ಲಿ ಬಿದ್ದರೂ ಚಿಂತೆಯಿಲ್ಲ, ಎತ್ತಿದವರು ಓದಿಕೊಳ್ಳುತ್ತಾರೆ ಎಂಬ ಧೈರ್ಯ.

ಬ್ರಹ್ಮಾವರದ ಕಡೆಯಿಂದ ಮದುವೆಯಾಗಿ ಬಂದು ಐವತ್ತು ವರ್ಷ ಚೆನ್ನೈಯಲ್ಲಿ ಕಳೆದ ಹೆಂಗಸು, ತಮಿಳಿನಲ್ಲಿ ಚೌಕಾಸಿ ಮಾಡಿ, ತಮಿಳಿನಲ್ಲಿ ಜಗಳವಾಡಿ, ಅಗತ್ಯ ಬಿದ್ದರೆ ತಮಿಳಿನಲ್ಲಿ ಅಳುವುದಕ್ಕೂ ಬರುವವರು, ಕಾಗದವನ್ನು ಮಾತ್ರ ತನಗೆ ಗೊತ್ತಿದ್ದ ಒಂದೇ ಲಿಪಿಯಲ್ಲಿ ಬರೆದಿಟ್ಟಿದ್ದರು. ಇಲ್ಲಿ ಅದನ್ನು ಓದುವವರು ಯಾರು ಎಂದು ಅವರಿಗೆ ಒಮ್ಮೆಯೂ ಹೊಳೆಯಲಿಲ್ಲ.

ಹೊಳೆದದ್ದು ಈ ವರ್ಷ ಏಪ್ರಿಲ್‌ನಲ್ಲಿ. ಬೆಳಿಗ್ಗೆ ಬಟ್ಟೆ ಒಣಗಿಸುತ್ತಿದ್ದವರು ಉಸಿರು ಸಾಲದೆ ಬಾಲ್ಕನಿಯಲ್ಲಿ ಕುಸಿದು ಕೂತರು. ಮಗ ಅನಿಲ್ ಕಾರಿನಲ್ಲಿ ಹಾಕಿಕೊಂಡು ಹೊರಟ. ಅಪ್ಪನನ್ನು ಸೇರಿಸಿದ್ದ ಆಸ್ಪತ್ರೆ ಹತ್ತು ನಿಮಿಷದ ದಾರಿ. ಅವನು ಆ ರಸ್ತೆಗೆ ತಿರುಗದೆ, ಅಮ್ಮ ಎದೆ ಹಿಡಿದುಕೊಂಡಿದ್ದರೂ, ಇಪ್ಪತ್ತೈದು ನಿಮಿಷದ ಇನ್ನೊಂದಕ್ಕೆ ಹೋದ. ಅಲ್ಲಿ ಮೂಗು ಬಾಯಿಗೆ ಮಾಸ್ಕ್ ಕಟ್ಟುವ ಹೊತ್ತಿಗೆ ಕಲಾವತಿಯಮ್ಮ ಪರ್ಸಿನಿಂದ ಕಾಗದ ತೆಗೆದು ಡ್ಯೂಟಿ ಡಾಕ್ಟರ ಕೈಗೆ ತುರುಕಿದರು. ಅವನು ಬಿಡಿಸಿ ನೋಡಿ, “ತೆಲುಗಾ?” ಎಂದು ಅನಿಲ್‌ನನ್ನು ಕೇಳಿದ. ಅನಿಲ್ ಎರಡು ಕಡೆಯೂ ತಿರುಗಿಸಿದ. ಮನೆಯಲ್ಲಿ ಕನ್ನಡ ಮಾತಾಡುತ್ತಾನೆ, ಓದಿದ್ದೆಲ್ಲ ತಮಿಳು ಮತ್ತು ಇಂಗ್ಲಿಷ್. ಸೊಸೆ ಮಾಧವಿ ಹುಟ್ಟಿದ್ದೇ ಇಲ್ಲಿ. ಕಾಲೇಜಿಗೆ ಹೋಗುವ ಮೊಮ್ಮಗಳು ಶ್ರೀಯಾಗೆ ಅದನ್ನು ಚಾಚಿದರೆ ಅವಳು, “ಅಪ್ಪಾ, ಎನಕ್ಕು ಕನ್ನಡಂ ಪಡಿಕ್ಕ ತೆರಿಯಾದು,” ಎಂದು, ಕನ್ನಡ ಓದಲು ಬಾರದೆಂದು, ವಾಪಸು ಕೊಟ್ಟಳು.

ಕಲಾವತಿಯಮ್ಮ ಮಾಸ್ಕಿನ ಒಳಗಿಂದ ಹೇಳಲು ನೋಡಿದರು. ಹೊಗೆಯ ಹಾಗೆ ಉಸಿರು ಮಾತ್ರ ಕಂಡಿತು. ಆಗ ಅಲ್ಲಿದ್ದ ನರ್ಸಮ್ಮ, ಬಹಳ ಒಳ್ಳೆಯ ಹೆಂಗಸು, “ಸಾಮಿ ಸ್ಲೋಕಂ ಪೋಲ,” ಎಂದು ಕಾಗದವನ್ನು ಕಣ್ಣಿಗೊತ್ತಿಕೊಂಡು, ಮಡಚಿ, ಅಜ್ಜಿಯ ತಲೆದಿಂಬಿನ ಕೆಳಗೆ ಭಕ್ತಿಯಿಂದ ಇಟ್ಟಳು. ದೇವರ ಶ್ಲೋಕವೆಂದು ಎಲ್ಲರೂ ಒಪ್ಪಿದರು. ಎರಡು ಹಗಲು ಎರಡು ರಾತ್ರಿ ಕಲಾವತಿಯಮ್ಮ ತನ್ನ ಮಾತಿನ ಮೇಲೆ ತಾನೇ ತಲೆಯಿಟ್ಟು ಮಲಗಿದರು. ಯಾರಾದರೂ ಹತ್ತಿರ ಬಂದಾಗ ದಿಂಬಿನ ಕಡೆ ಬೆರಳು ತೋರಿಸಿದರೆ, ದಿಂಬು ಎತ್ತರ ಮಾಡಬೇಕೇನೋ ಎಂದು ಇನ್ನೊಂದು ದಿಂಬು ತಂದಿಟ್ಟರು.

ಮೂರನೆಯ ದಿನ, ಮಾಸ್ಕ್ ತೆಗೆದ ಮೇಲೆ, ರೌಂಡಿಗೆ ಬಂದವಳು ಡಾಕ್ಟರ್ ಪ್ರಣಮ್ಯಾ. ಅಡ್ಯಾರಿನ ಹುಡುಗಿ, ಅಪ್ಪ ಅಮ್ಮ ಬ್ಯಾಂಕಿನವರು, ಮೈಸೂರಿನ ಕಡೆಯಿಂದ ಬಂದು ಮಗಳಿಗೆ ಕನ್ನಡ ಓದಲು ಕಲಿಸಿದವರು. ದಿಂಬು ಸರಿ ಮಾಡಲು ಹೋಗಿ ಕಾಗದ ಕೈಗೆ ಸಿಕ್ಕಿ, ನಿಂತಲ್ಲೇ ಎರಡು ಹಾಳೆ ಓದಿದಳು.

“ಅಜ್ಜಿ, ಇದು ಶ್ಲೋಕ ಅಂತ ಯಾರಂದ್ರು ನಿಮಗೆ?”

“ನಾನು ಅನ್ಲಿಲ್ಲ ಡಾಕ್ಟ್ರಮ್ಮ. ಇವರೆಲ್ಲ ಸೇರಿ ಅಂದದ್ದು.”

ಪ್ರಣಮ್ಯಾ ನಗುವುದೋ ಬೇಡವೋ ಎಂದು ತಿಳಿಯದೆ ಹಾಸಿಗೆಯ ತುದಿಯಲ್ಲಿ ಕೂತಳು. “ಈ ಸಲ ಸುಧಾರಿಸಿಕೊಂಡ್ರಿ. ಹೃದಯ ವೀಕ್ ಇದೆ, ಮುಚ್ಚಿಟ್ಟು ಹೇಳಲ್ಲ. ಮುಂದಿನ ಸಲ ಮೆಶಿನ್ ಬೇಕಾ ಬೇಡ್ವಾ ಅನ್ನೋ ಪ್ರಶ್ನೆ ಬಂದೇ ಬರತ್ತೆ. ನೀವು ಬರೆದಿರೋದು ಸರಿಯಾಗೇ ಇದೆ. ಆದ್ರೆ ಇಲ್ಲಿ ಓದೋಕೆ ಬರೋ ಭಾಷೇಲಿ ಇರಬೇಕು. ಎರಡು ಜನ ಸಾಕ್ಷಿ ಸಹಿ ಹಾಕಬೇಕು, ನೋಟರಿ ಸೀಲ್ ಆಗಬೇಕು. ಇನ್ನೊಂದು, ನಿಮಗೆ ಮಾತಾಡೋಕಾಗದೆ ಇದ್ದಾಗ ನಿಮ್ಮ ಪರವಾಗಿ ಮಾತಾಡೋರು ಯಾರು ಅಂತ ಹೆಸರು ಬೇಕು. ಅವರೂ ಒಪ್ಪಿ ಸಹಿ ಹಾಕಿದ್ರೆ ಒಳ್ಳೇದು.”

“ಅನಿಲ್‌ನದ್ದೇ ಹಾಕಿ. ಬೇರೆ ಯಾರ ಹೆಸರು ಬರೆದರೂ ಕಾರಿಡಾರಿನಲ್ಲಿ ನಿಲ್ಲುವವನು ಅವನೇ.”

ಡಾಕ್ಟರು ಅನಿಲ್‌ನನ್ನು ಹೊರಗೆ ಕರೆದುಕೊಂಡು ಹೋಗಿ ಕಾಗದವನ್ನು ಸಾಲು ಸಾಲಾಗಿ ಹೇಳಿದಳು. ಬಾಗಿಲಿನ ಗಾಜಿನಲ್ಲಿ ಕಲಾವತಿಯಮ್ಮನಿಗೆ ಎಲ್ಲ ಕಾಣುತ್ತಿತ್ತು. ಮೊದಲ ಹಾಳೆ ಮುಗಿಯುವವರೆಗೆ ಅವನು ತಲೆಯಾಡಿಸುತ್ತಿದ್ದ. ಎರಡನೆಯ ಹಾಳೆಯ ನಡುವೆ ಎಲ್ಲೋ ಅವನ ಕೈ ಗೋಡೆಯನ್ನು ಹುಡುಕಿತು. ಪಾಪ, ಎರಡು ದಿನದಿಂದ ನಿದ್ದೆಯಿಲ್ಲ ಎಂದುಕೊಂಡರು ಅವರು.

ಮನೆಗೆ ಬಂದದ್ದು ಒಂದು ಬುಧವಾರ. ಪ್ರಣಮ್ಯಾ ಕೊಟ್ಟ ಇಂಗ್ಲಿಷ್ ಫಾರಂ ಒಂದು, ತನ್ನ ಕನ್ನಡ ಕಾಗದ ಒಂದು, ಎರಡನ್ನೂ ಸೇರಿಸಿ ಕ್ಲಿಪ್ಪು ಹಾಕಿ, ಸಂಜೆ ಕಾಫಿಯ ಜೊತೆ ಮಗನ ಮುಂದಿಟ್ಟರು. ಇವತ್ತು ನಾಳೆಯಲ್ಲಿ ಮುಗಿಯುವ ಕೆಲಸ ಎಂದು ಅವರ ಎಣಿಕೆ.

“ನೋಡುವ ಅಮ್ಮ,” ಎಂದ ಅನಿಲ್.

ಶುಕ್ರವಾರ ಕೇಳಿದಾಗ ಮಾಧವಿ ಅಡುಗೆಮನೆಯಿಂದಲೇ, “ಅತ್ತೆ, ಇವತ್ತು ಶುಕ್ರವಾರ. ಇವತ್ತು ಯಾಕೆ ಆ ಮಾತು?” ಎಂದಳು. ಸೋಮವಾರ ಕೇಳಿದರೆ, “ಇವ್ರ ನಕ್ಷತ್ರಕ್ಕೆ ಚಂದ್ರಾಷ್ಟಮ, ದಿನ ಒಳ್ಳೇದಲ್ಲ,” ಎಂದಳು.

ಆ ಮನೆಯ ಹಾಲಿನಲ್ಲಿ ಎರಡು ಕ್ಯಾಲೆಂಡರ್. ಒಂದು ದಿನಕ್ಕೊಂದು ಹಾಳೆ ಹರಿಯುವ ತಮಿಳು ಕ್ಯಾಲೆಂಡರ್. ರಾಹುಕಾಲ ಎಷ್ಟು ಹೊತ್ತಿಗೆ, ಯಾವ ನಕ್ಷತ್ರದವರು ಇವತ್ತು ಬಾಯಿ ಮುಚ್ಚಿಕೊಂಡಿರಬೇಕು ಎಂಬುದೆಲ್ಲ ಅದರಲ್ಲಿ ಅಚ್ಚಾಗಿರುತ್ತದೆ. ಪಕ್ಕದಲ್ಲಿ ಕನ್ನಡ ಸಂಘದವರು ಹಂಚುವ ಊರಿನ ಕ್ಯಾಲೆಂಡರ್, ಅದರಲ್ಲಿ ಏಕಾದಶಿ, ಸಂಕ್ರಮಣ, ಊರಿನ ಹಬ್ಬಗಳು. ಇಲ್ಲಿ ಬಂದು ಎರಡು ತಲೆಮಾರಾದರೂ ಊರಿನದ್ದನ್ನು ಬಿಟ್ಟಿಲ್ಲ, ಇಲ್ಲಿನದ್ದನ್ನು ಹಿಡಿಯದೆಯೂ ಇಲ್ಲ. ಮದುವೆ ಮಾತಿಗೆ, ಹೊಸ ಫ್ರಿಜ್ಜಿಗೆ, ಶ್ರೀಯಾಳ ಕಿವಿ ಚುಚ್ಚಿಸುವುದಕ್ಕೆ ಎರಡೂ ಒಪ್ಪಿದ ದಿನ ನೋಡಿ ನಡೆಸಿದ ಮನೆ. ಕಲಾವತಿಯಮ್ಮನೇ ಸೊಸೆಗೆ ಹಾಗೆ ಕಲಿಸಿದ್ದು. ಈಗ ಆ ಕಲಿಕೆ ಅವರಿಗೇ ತಿರುಗಿ ನಿಂತಿತು. ತಮಿಳಿನದ್ದರಲ್ಲಿ ದಿನ ಸಿಕ್ಕಿದರೆ ಊರಿನದ್ದರಲ್ಲಿ ಏನಾದರೊಂದು ಅಡ್ಡ. ಊರಿನದ್ದು ಒಪ್ಪಿದರೆ ಅನಿಲ್‌ಗೆ ಮೀಟಿಂಗು. ಎರಡೂ ಒಪ್ಪಿ ಮೀಟಿಂಗೂ ಇಲ್ಲದ ಒಂದು ಭಾನುವಾರ ಸಿಕ್ಕಿತು. ಅವತ್ತು ಯಾರದೋ ಮಗುವಿನ ತೊಟ್ಟಿಲ ಶಾಸ್ತ್ರಕ್ಕೆ ಹೋಗಲಿಕ್ಕಿತ್ತು. ತೊಟ್ಟಿಲಿಗೆ ಹೋಗುವ ಮೊದಲು ಇಂಥ ಮಾತೇ ಎಂದು ಮಾಧವಿ ಕೆನ್ನೆ ಕೆನ್ನೆ ಬಡಿದುಕೊಂಡಳು.

ಮಗ ಒಪ್ಪುವವರೆಗೆ ಸಾಕ್ಷಿಯನ್ನಾದರೂ ಗೊತ್ತು ಮಾಡಿಡುವ ಎಂದು ಕೆಳಗಿನ ಮನೆಯ ಜಯಪ್ರಕಾಶರ ಹತ್ತಿರ ಹೋದರು. ಹುಬ್ಬಳ್ಳಿಯವರು, ರೈಲ್ವೆಯಿಂದ ನಿವೃತ್ತಿಯಾದವರು, ಕನ್ನಡ ಓದುವವರು. ಕನ್ನಡಕ ಹಾಕಿಕೊಂಡು ಎರಡು ಹಾಳೆಯನ್ನೂ ಓದಿ ಅವರು ಮಡಚಿ ವಾಪಸು ಕೊಟ್ಟರು.

“ಕಲಾವತಿಯಮ್ಮಾರ, ನೀವು ಬರದದ್ದು ಖರೇನ ಐತ್ರಿ. ಒಂದು ಮಾತೂ ತೆಗದು ಹಾಕುವಂಗಿಲ್ಲ. ನಾ ಸಹಿ ಮಾಡಾಕ ಹೆದರೂ ಮನಷ್ಯಾನೂ ಅಲ್ಲ.”

“ಹಾಗಾದರೆ ಪೆನ್ನು ಇಲ್ಲೇ ಉಂಟು.”

“ಇದೇ ಕೈಲೆ ನಾಳೆ ಮಗಳ ಲಗ್ನಪತ್ರಿಕಿಗೆ ಅರಿಷಿಣ ಹಚ್ಚಬೇಕ್ರಿ. ಲಗ್ನ ಮುಗೀಲಿ. ಆಮ್ಯಾಲೆ ಎಲ್ಲಿ ಅಂತೀರಿ ಅಲ್ಲಿ ಸಹಿ.”

“ಲಗ್ನ ಯಾವಾಗ?”

“ಕಾರ್ತೀಕದಾಗ.”

ಕಾರ್ತೀಕಕ್ಕೆ ಇನ್ನೂ ಆರು ತಿಂಗಳು. ಕಲಾವತಿಯಮ್ಮ ಮೆಟ್ಟಿಲು ಹತ್ತುವಾಗ ಎರಡು ಕಡೆ ನಿಂತು ಉಸಿರು ತೆಗೆದುಕೊಂಡರು. ಮೊದಲಾದರೆ ಒಂದು ಕಡೆ ನಿಂತರೆ ಸಾಕಾಗುತ್ತಿತ್ತು.

ಅವರದು ಸಿಟ್ಟು ತೋರಿಸುವ ಸ್ವಭಾವವಲ್ಲ. ಹೋಟೆಲಿಗೆ ಹಪ್ಪಳ, ಸಾಂಬಾರ ಪುಡಿ ಮಾಡಿ ಕೊಟ್ಟು ಮಗನನ್ನು ಬೆಳೆಸಿದ ಕಾಲದಲ್ಲೂ ಬಿಸಿಲಿಲ್ಲದ ದಿನ ಹಪ್ಪಳದ ಮುಂದೆ ಕೂತು ಕಾದವರು. ಆದರೆ ಈ ಕಾಯುವಿಕೆಯಲ್ಲಿ ಅವರ ಬಾಯಿಗೆ ಕಹಿ ಬರತೊಡಗಿತು. ಮನೆಯಲ್ಲಿ ಯಾರೂ ‘ಇಲ್ಲ’ ಎನ್ನಲಿಲ್ಲ, ಅದೇ ದೊಡ್ಡ ಉಪದ್ರ. ಇಲ್ಲ ಎಂದರೆ ಜಗಳವಾದರೂ ಆಡಬಹುದು. ಇವರು ನೋಡುವ ಎನ್ನುತ್ತಾರೆ, ನಾಳೆ ಎನ್ನುತ್ತಾರೆ, ಅಷ್ಟರಲ್ಲಿ ಮನೆಯ ಮೇಲೆ ವಿಮಾನ ಹಾರಿ ಹೋಗುತ್ತದೆ, ಆ ಸದ್ದು ಇಳಿಯುವುದರೊಳಗೆ ಅನಿಲ್ ಎದ್ದು ಸ್ನಾನಕ್ಕೆ ಹೋಗಿರುತ್ತಾನೆ. ವಿಮಾನ ನಿಲ್ದಾಣದ ಪಕ್ಕದಲ್ಲಿ ಮನೆ ಮಾಡಿದ್ದಕ್ಕೆ ಅವರು ಮೊದಲ ಸಲ ಬೇಜಾರು ಪಟ್ಟರು.

ಒಂದು ಭಾನುವಾರ ಮಧ್ಯಾಹ್ನ ಬೀನ್ಸಿನ ನಾರು ತೆಗೆಯುತ್ತ ಕೂತಿದ್ದರು. ಅನಿಲ್ ಬಾಲ್ಕನಿಯಲ್ಲಿ ಫೋನಿನಲ್ಲಿ ತಮಿಳಿನಲ್ಲಿ ಮಾತಾಡುತ್ತಿದ್ದ. ಅವನು ಇನ್ಶೂರೆನ್ಸ್ ಕಂಪನಿಯಲ್ಲಿ ಡೆವಲಪ್‌ಮೆಂಟ್ ಆಫೀಸರ್. ಯಾರಿಗೋ ಪಾಲಿಸಿಯ ವಿಷಯ ತಿಳಿಸಿ ಹೇಳುತ್ತಿದ್ದ. ನಾಳೆ ನೀವಿಲ್ಲ ಅಂದುಕೊಳ್ಳಿ ಸಾರ್, ಕೋಪ ಮಾಡಬೇಡಿ, ಸುಮ್ಮನೆ ಅಂದುಕೊಳ್ಳಿ, ಮನೆಯವರು ಯಾವ ಬಾಗಿಲು ತಟ್ಟುತ್ತಾರೆ, ಈ ಮಾತನ್ನು ಇವತ್ತು ಆಡದೆ ಯಾವತ್ತು ಆಡುತ್ತೀರಿ, ಒಂದು ಸಹಿ ಸಾರ್, ಒಂದೇ ಸಹಿ.

ಫೋನಿಟ್ಟು ಒಳಗೆ ಬಂದವನನ್ನು ಕಲಾವತಿಯಮ್ಮ ಕತ್ತೆತ್ತದೆ ಕೇಳಿದರು. “ಅವರ ನಕ್ಷತ್ರಕ್ಕೆ ಇವತ್ತು ಚಂದ್ರಾಷ್ಟಮ ಇಲ್ವಾ ಮಗಾ?”

“ಅಮ್ಮ, ಅದು ಬೇರೆ.”

“ಎಂತ ಬೇರೆ? ಊರಿನವರ ಸಾವಿಗೆಲ್ಲ ಫಾರಂ ತುಂಬಿಸ್ತೀಯ. ನನ್ನದು ಒಂದು ಕಂಡರೆ ನಿನಗೆ ಮೀಟಿಂಗು ಬರ್ತದೆ. ನಾನು ಎಂತ ಕೇಳಿದ್ದು? ಚಿನ್ನ ಕೇಳಿದ್ನಾ? ಕಾಶಿಗೆ ಕರ್ಕೊಂಡು ಹೋಗು ಅಂದ್ನಾ? ಬಾಯಿಗೆ ಪೈಪ್ ಹಾಕ್ಬೇಡ ಅಂತ ಕೇಳಿದ್ದು.”

“ಈಗ ನಿನಗೆ ಏನಾಗಿದೆ ಅಂತ ಇದೆಲ್ಲ? ನಡೀತಿದ್ದೀಯ, ಊಟ ಮಾಡ್ತಿದ್ದೀಯ.”

“ನಡೀತಾ ಇರುವಾಗ ಅಲ್ದೆ ಮತ್ತೆ ಬಾಯಲ್ಲಿ ಪೈಪ್ ಇಟ್ಕೊಂಡು ಹೇಳ್ಲಿಕ್ಕಾಗ್ತದಾ?”

“ವಿಡು ಅಮ್ಮ, ಬಿಟ್ಟುಬಿಡು. ಒಂದು ಸಲ ಸಹಿ ಹಾಕಿದ್ದು ಸಾಕು ನಂಗೆ,” ಎಂದು ಅವನು ತಟ್ಟೆಯಲ್ಲಿ ಹಾಕಿಟ್ಟಿದ್ದ ಊಟ ಬಿಟ್ಟು, ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದ.

ಒಂದು ಸಲ ಸಹಿ. ಯಾವ ಸಹಿ? ಕಲಾವತಿಯಮ್ಮ ಬೀನ್ಸು ಕೆಳಗಿಟ್ಟು ಯೋಚಿಸಿದರು. ಆಸ್ಪತ್ರೆಗೆ ಸೇರಿಸುವಾಗ ಎಲ್ಲರೂ ಸಹಿ ಹಾಕುತ್ತಾರೆ. ಅದರಲ್ಲಿ ಊಟ ಬಿಡುವಂಥದ್ದು ಏನಿದೆ? ಕೇಳಿದರೆ ಹೇಳುವವನಲ್ಲ. ಆದರೆ ಆ ಮಾತು ಅವರ ಕಿವಿಯಲ್ಲಿ ಉಳಿಯಿತು.

ಅಷ್ಟರಲ್ಲಿ ಆಡಿ ತಿಂಗಳು ಬಂತು. ಊರಿನಲ್ಲಿ ಅದನ್ನೇ ಆಟಿ ಎನ್ನುತ್ತಾರೆ. ಎರಡು ಕಡೆಯೂ ಶುಭಕಾರ್ಯವಿಲ್ಲದ ತಿಂಗಳು. ಮಾಧವಿಗೆ ದೊಡ್ಡ ಆಧಾರ ಸಿಕ್ಕಿದಂತಾಯಿತು.

“ಆಡಿಯಲ್ಲಿ ಯಾರಾದ್ರೂ ಪತ್ರಕ್ಕೆ ಸೈನ್ ಹಾಕ್ತಾರಾ ಅತ್ತೆ? ಆಡಿ ಮುಗಿದು ಆವಣಿ ಹುಟ್ಟಲಿ, ಅಪ್ಪುರಂ ನೋಡುವ.”

“ಇದು ಶುಭ ಅಲ್ಲ, ಅಪಶಕುನ ಅಂತ ಮೂರು ತಿಂಗಳು ಹೇಳಿದ್ದು ನೀನೇ. ಶುಭ ಅಲ್ಲದ ಕೆಲಸಕ್ಕೆ ಆಡಿ ಎಂತ ಮಾಡ್ತದೆ?”

ಮಾಧವಿ ಖಾಲಿ ಮಿಕ್ಸಿಯನ್ನು ಒಂದು ಸಲ ತಿರುಗಿಸಿ ನಿಲ್ಲಿಸಿದಳು. ಆದರೆ ಹಾಗೆ ಸೊಸೆಯ ಬಾಯಿ ಮುಚ್ಚಿಸಿದ ಮೇಲೆ ಕಲಾವತಿಯಮ್ಮನೇ ಗೋಡೆಯ ಹತ್ತಿರ ಹೋಗಿ ಎರಡು ಕ್ಯಾಲೆಂಡರನ್ನೂ ನೋಡಿದರು. ತಮಿಳು ಓದಲು ಬಾರದಿದ್ದರೂ ಅಮಾವಾಸ್ಯೆಯ ಕಪ್ಪು ಚುಕ್ಕೆ ಯಾರಿಗಾದರೂ ಗೊತ್ತಾಗುತ್ತದೆ. ಇಲ್ಲಿ ಆಡಿ ಅಮಾವಾಸ್ಯೆ, ಅಲ್ಲಿ ಆಟಿ ಅಮಾವಾಸ್ಯೆ. ಎರಡರಲ್ಲೂ ಅದು ಸತ್ತವರ ದಿನ. ಎರಡು ಕ್ಯಾಲೆಂಡರೂ ಒಂದೇ ಬಾಯಲ್ಲಿ ಒಪ್ಪಿದ ದಿನ.

ಅವತ್ತು ಗುರುವಾರ. ಹಿರಿಯರಿಗೆ ಬಡಿಸಲಿಕ್ಕೆಂದು ಅನಿಲ್ ರಜೆ ಹಾಕಿದ್ದ. ಬೆಳಗಿನ ಕಹಿ ಕಷಾಯಕ್ಕೆ ಊರಿನ ಪಾಲೆ ಮರದ ತೊಗಟೆ ಇಲ್ಲಿ ಯಾರು ತಂದುಕೊಡುತ್ತಾರೆ, ಮೆಂತೆ ಗಂಜಿಯಲ್ಲೇ ಸುಧಾರಿಸಿದರು. ಕೋಯಂಬೇಡು ಮಾರುಕಟ್ಟೆಯಿಂದ ಹಿಂದಿನ ದಿನವೇ ತರಿಸಿದ್ದ ಕೆಸುವಿನ ಎಲೆಯಲ್ಲಿ ಪತ್ರೊಡೆ, ಸೌತೆಕಾಯಿ ಹುಳಿ, ಕಡಲೆಬೇಳೆ ಪಾಯಸ. ಭೋಜರಾಜರು ಹೋಟೆಲಿನ ಮನುಷ್ಯರಾದ್ದರಿಂದ ಬಾಳೆಯೆಲೆಯ ಪಕ್ಕದಲ್ಲಿ ಒಂದು ಬೋಂಡಾ ಮತ್ತು ಡಬರಾ ಲೋಟದಲ್ಲಿ ಸ್ಟ್ರಾಂಗ್ ಕಾಫಿ. ಹಿಂದಿನ ಕೋಣೆಯಲ್ಲಿ ಮಣೆ ಹಾಕಿ, ದೀಪ ಹಚ್ಚಿ, ಎಲ್ಲ ಬಡಿಸಿ, ಅನಿಲ್ ಬಾಗಿಲು ಮುಚ್ಚಿದ.

ಆ ಬಾಗಿಲು ಮುಚ್ಚಿದ ಮೇಲೆ ಸತ್ತವರು ಬಂದು ಉಣ್ಣುವಷ್ಟು ಹೊತ್ತು ಎಲ್ಲರೂ ಹೊರಗೆ ನಿಲ್ಲಬೇಕು. ಟಿ.ವಿ. ಇಲ್ಲ, ಫೋನಿಲ್ಲ, ಎದ್ದು ಹೋಗುವಂತಿಲ್ಲ. ಮತ್ತೆ ಮನೆಯ ಮಗನೇ ಕೆಮ್ಮಿ, ಬಾಗಿಲು ತಟ್ಟಿ ತೆರೆಯಬೇಕು. ಬಾಗಿಲಿಗೂ ಊಟದ ಮೇಜಿಗೂ ನಡುವೆ ನಾಲ್ಕು ಜನ ಭುಜಕ್ಕೆ ಭುಜ ತಾಗಿಸಿ ನಿಂತರು. ಕಲಾವತಿಯಮ್ಮ ಮೂರು ತಿಂಗಳಿಂದ ಬೇಡಿದ ಹೊತ್ತು ಇದೇ. ಅನಿಲ್ ಎಲ್ಲಿಗೂ ಹೋಗುವ ಹಾಗಿರಲಿಲ್ಲ.

“ಇವತ್ತು ಶುಕ್ರವಾರ ಅಲ್ಲ,” ಎಂದರು ಮೆಲ್ಲಗೆ. “ಇವತ್ತು ಸತ್ತವರ ಮಾತಾಡ್ಲಿಕ್ಕೆ ಇರುವ ದಿನವೇ. ಕೇಳ್ತೇನೆ, ಹೇಳು. ಯಾವ ಸಹಿ ಅದು?”

ಮಾಧವಿ “ಅತ್ತೆ” ಎಂದು ಏನೋ ಹೇಳಲು ಹೋದಳು. ಶ್ರೀಯಾ ಅಮ್ಮನ ಕೈ ಹಿಡಿದಳು.

ಅನಿಲ್ ಬಾಗಿಲನ್ನೇ ನೋಡುತ್ತಿದ್ದ. ಮೇಲೆ ವಿಮಾನ ಬಂತು. ಎಲ್ಲರೂ ಅದು ದಾಟುವವರೆಗೆ ನಿಂತರು. ಈ ಸಲ ಅವನಿಗೆ ಸ್ನಾನದ ನೆಪವಿರಲಿಲ್ಲ.

“ಅಪ್ಪ ಕೈ ಎತ್ತಿ ಪೈಪ್ ಎಳೀಲಿಕ್ಕೆ ನೋಡಿದ್ರು. ಐದನೇ ದಿನ. ಎಳೆದ್ರೆ ಅಪಾಯ, ಕೈ ಕಟ್ಟಬೇಕು, ಮನೆಯವರ ಒಪ್ಪಿಗೆ ಬೇಕು ಅಂತ ಫಾರಂ ತಂದ್ರು. ನಾನು ಸಹಿ ಹಾಕಿದೆ.”

ಮಂಚದ ಕಂಬಿಗೆ ಬಿಳಿ ಬಟ್ಟೆಯಲ್ಲಿ ಕಟ್ಟಿದ್ದ ಆ ಎರಡು ಮಣಿಕಟ್ಟುಗಳನ್ನು ಕಲಾವತಿಯಮ್ಮ ದಿನವೂ ಸವರಿದ್ದರು. ಅದು ನರ್ಸುಗಳು ಮಾಡಿದ್ದೆಂದೇ ಎರಡು ವರ್ಷ ನಂಬಿ, ಅವರನ್ನು ಮನಸ್ಸಿನಲ್ಲೇ ಬೈದಿದ್ದರು. ಬೈದುಕೊಂಡೇ ಆ ಸಾಲನ್ನು ಕಾಗದದಲ್ಲಿ ಬರೆದಿದ್ದರು. ಗಾಜಿನಾಚೆ ಮಗನ ಕೈ ಗೋಡೆ ಹುಡುಕಿದ್ದು ಯಾಕೆಂದು ಈಗ ತಿಳಿಯಿತು.

“ಆ ಡಾಕ್ಟರ್ ನಿನ್ನ ಕಾಗದ ಓದಿ ಹೇಳಿದಾಗ,” ಎಂದ ಅನಿಲ್, “ನೀನು ಗೊತ್ತಿದ್ದೇ ಬರೆದದ್ದು ಅಂದ್ಕೊಂಡೆ. ನನ್ನ ಕಡೆಗೇ ಬೆರಳು ತೋರಿಸಿ ಬರೆದದ್ದು ಅಂತ.”

ಒಂದು ಗಳಿಗೆ ಅವರಿಗೆ ಸಮಾಧಾನಕ್ಕಿಂತ ಮೊದಲು ಸಿಟ್ಟೇ ಬಂತು. ಮೂರು ತಿಂಗಳು. ಈ ಒಂದು ಮಾತು ಹೇಳಲಿಕ್ಕೆ ಇವನಿಗೆ ಮೂರು ತಿಂಗಳು ಬೇಕಾಯಿತು, ಅಷ್ಟು ದಿನವೂ ಪಾಪದ ಕ್ಯಾಲೆಂಡರಿನ ಹಿಂದೆ ಅಡಗಿ ಕೂತ.

“ನನಗೆ ಗೊತ್ತಿದ್ರೆ ಮುಖಕ್ಕೇ ಕೇಳ್ತಿದ್ದೆ, ಕಾಗದದಲ್ಲಿ ಯಾಕೆ ಬರೀತೇನೆ? ನಿನ್ನ ಹೆದರಿಕೆ ಉಂಟಾ ನಂಗೆ?” ಎಂದರು. ಸ್ವಲ್ಪ ನಿಂತು ಮುಂದುವರಿಸಿದರು. “ಇಪ್ಪತ್ತಮೂರು ದಿನ ನಾನೂ ಅಲ್ಲೇ ಕೂತಿದ್ದೆ. ಬಿಚ್ಚಿ ಅಂತ ನಾನು ಒಂದು ಮಾತು ಹೇಳ್ಲಿಲ್ಲ. ನಿನಗೆ ಎಂತ ಗೊತ್ತಿತ್ತು ಆವತ್ತು? ನಿನ್ನ ಕೈಯಲ್ಲಿ ಆಸ್ಪತ್ರೆಯವರ ಕಾಗದ ಇತ್ತು. ಅಪ್ಪನ ಕಾಗದ ಇರ್ಲಿಲ್ಲ. ಇದ್ದಿದ್ರೆ ನೀನು ಅದನ್ನು ತೋರಿಸ್ತಿದ್ದೆ. ಅದಕ್ಕೇ ಮಾರಾಯ ನಾನು ಇಷ್ಟು ಹೊಡ್ಕೊಳ್ಳುದು. ನನ್ನ ಸರದಿಗೆ ನಿನ್ನ ಕೈಯಲ್ಲಿ ನನ್ನ ಕಾಗದ ಇರ್ಲಿ ಅಂತ. ಮತ್ತೆ ನೀನೊಬ್ಬನೇ ಕಾರಿಡಾರಿನಲ್ಲಿ ನಿಂತು ಲೆಕ್ಕ ಹಾಕುದು ಬೇಡ ಅಂತ.”

ಒಳಗೆ ಕಾಫಿ ಆರುತ್ತಿತ್ತು.

ಶ್ರೀಯಾ ಮೆಲ್ಲಗೆ, “ಅಪ್ಪಾ, ಟೈಂ ಆಚ್ಚು. ತಾತಾ ಸಾಪ್ಟಿರುಪ್ಪಾರ್,” ಎಂದಳು. ತಾತ ಊಟ ಮುಗಿಸಿರುತ್ತಾರೆ ಎಂದು. ಅನಿಲ್ ಕೆಮ್ಮಿದ. ಕೆಮ್ಮು ಸರಿಯಾಗಿ ಬರಲಿಲ್ಲ, ಇನ್ನೊಮ್ಮೆ ಕೆಮ್ಮಿ, ಬಾಗಿಲು ತಟ್ಟಿ ತೆರೆದ.

ಊಟವಾಯಿತು. ಪತ್ರೊಡೆ ಚೆನ್ನಾಗಿದೆ ಎಂದು ಯಾರೂ ಹೇಳದಿದ್ದರೂ ಎಲ್ಲರೂ ಎರಡೆರಡು ಸಲ ಹಾಕಿಸಿಕೊಂಡರು. ಕೈ ತೊಳೆದು ಬಂದ ಅನಿಲ್ ಆಫೀಸಿನ ಪ್ಯಾಡು ಪೆನ್ನು ತೆಗೆದುಕೊಂಡು ಮೇಜಿಗೆ ಕೂತ.

“ಓದು ಅಮ್ಮ. ನಾನು ತಮಿಳಿನಲ್ಲಿ ಬರ್ಕೊಳ್ತೇನೆ. ಇಂಗ್ಲಿಷ್ ಫಾರಂ ಆಮೇಲೆ ಶ್ರೀಯಾ ಟೈಪ್ ಮಾಡ್ಲಿ.”

ಕಲಾವತಿಯಮ್ಮ ಕನ್ನಡಕ ಹಾಕಿಕೊಂಡು ತಾನು ಬರೆದದ್ದನ್ನು ತಾನೇ ಓದಿದರು. ಮಗ ಬಿಟ್ಟಾನೆಯೇ, ಪ್ರಪೋಸಲ್ ಫಾರಂ ತುಂಬಿಸುವವನ ಹಾಗೆ ಸಾಲು ಸಾಲಿಗೂ ತಡೆದ. ಗುಣ ಆಗುವುದಿಲ್ಲ ಅಂತ ಎಷ್ಟು ಜನ ಡಾಕ್ಟರು ಹೇಳಬೇಕು? ಮೂಗಿನ ಆಕ್ಸಿಜನ್ ಆಗಬಹುದಾ, ಅದೂ ಬೇಡವಾ? ಡ್ರಿಪ್? ಕಿಟಕಿ ಅಂದರೆ ಯಾವ ಕಿಟಕಿ? ಅವರಿಗೆ ರೇಗಿತು. “ಕಿಟಕಿ ಒಂದೇ ಇರುದಲ್ವಾ ಈ ಹಾಲಿಗೆ?” ಎಂದರು. ಆದರೂ ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟರು. ಕೆಲವು ಅವರು ಯೋಚಿಸಿಯೇ ಇರಲಿಲ್ಲ. ಅಂಥ ಕಡೆ ಅವನು ಅಂಚಿನಲ್ಲಿ ಪ್ರಣಮ್ಯಾಳ ಹೆಸರು ಬರೆದು ಪ್ರಶ್ನೆ ಹಾಕಿಕೊಂಡ.

ಕೈ ಕಟ್ಟುವ ಸಾಲಿಗೆ ಬಂದಾಗ ಅವರು ನಿಲ್ಲಿಸಿದರು. “ಇದು ಒಂದು ಬಿಡುವ. ಬಾಕಿದ್ದೆಲ್ಲ ಇದ್ರೆ ಸಾಕು.”

“ಬಿಡುದು ಬೇಡ,” ಎಂದ ಅನಿಲ್. ತಲೆಯೆತ್ತದೆ ಆ ಸಾಲನ್ನು ಬರೆದ, ಕೆಳಗೆ ಗೆರೆ ಎಳೆದ. ಅದರ ಕೆಳಗೆ ಪರವಾಗಿ ಮಾತಾಡುವವರ ಜಾಗದಲ್ಲಿ ತನ್ನ ಹೆಸರು ಬರೆದ. ಸಹಿ ನೋಟರಿಯ ಮುಂದೆಯೇ ಆಗಬೇಕು ಎಂದು ಪೆನ್ನು ಮುಚ್ಚಿದ.

ಸಾಕ್ಷಿ ಯಾರು ಎಂಬ ಮಾತು ಬಂತು. ಜಯಪ್ರಕಾಶರದು ಕಾರ್ತೀಕಕ್ಕೆ. ಪಾತ್ರೆ ತೊಳೆಯುತ್ತಿದ್ದ ಸರಸ, ಆ ಮನೆಗೆ ಹನ್ನೆರಡು ವರ್ಷದಿಂದ ಕೆಲಸಕ್ಕೆ ಬರುವವಳು, ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದು, ನಾನು ಹಾಕುತ್ತೇನೆ, ನನ್ನ ಗಂಡನೂ ಹಾಕುತ್ತಾನೆ, ಆಧಾರ್ ಕಾರ್ಡು ತರಬೇಕಾ ಎಂದು ತಮಿಳಿನಲ್ಲಿ ಕೇಳಿದಳು. ಅವಳ ಅತ್ತೆಯನ್ನೂ ಸರಕಾರಿ ಆಸ್ಪತ್ರೆಯಲ್ಲಿ ಹಾಗೆಯೇ ಕಟ್ಟಿದ್ದರಂತೆ. ಮೂರು ತಿಂಗಳು ಈ ಮನೆಯ ಮಾತೆಲ್ಲ ಕೇಳುತ್ತಲೇ ಇದ್ದಳು, ಅವಳನ್ನು ಮಾತ್ರ ಯಾರೂ ಕೇಳಿರಲಿಲ್ಲ. ಕಲಾವತಿಯಮ್ಮನಿಗೆ ತನ್ನ ಮೇಲೆಯೇ ನಾಚಿಕೆಯಾಯಿತು.

ಅನಿಲ್ ನೋಟರಿಗೆ ಫೋನು ಮಾಡಿದ. ನಾಳೆ ಪಲ್ಲಾವರಂ ಸಂತೆ, ಆಫೀಸಿನ ರಸ್ತೆಯಲ್ಲಿ ಕಾರು ಹೋಗುವುದಿಲ್ಲ, ಶನಿವಾರ ಒಂಬತ್ತೂವರೆಗೆ ಬನ್ನಿ ಎಂದರು. ಶನಿವಾರ ಒಂಬತ್ತೂವರೆ ಎಂದರೆ ರಾಹುಕಾಲ. ಮಾಧವಿಯ ಕಣ್ಣು ಗೋಡೆಗೆ ಹೋಯಿತು, ಬಾಯಿ ತೆರೆಯಿತು. ಅತ್ತೆಯ ಮುಖ ನೋಡಿ ಮತ್ತೆ ಮುಚ್ಚಿತು.

“ಶನಿವಾರ ಹೋಗುದು ಖಂಡಿತವಾ?” ಎಂದು ಕಲಾವತಿಯಮ್ಮ ಕೇಳಿದರು. ಇಂಥ ಎಷ್ಟೋ ಶನಿವಾರಗಳನ್ನು ಅವರು ಕಂಡಿದ್ದರು.

“ಖಂಡಿತ ಅಮ್ಮ.”

“ನೋಡುವ,” ಎಂದರು ಅವರು, ಅವನದೇ ಮಾತಿನಲ್ಲಿ.

ಕಾಗದವನ್ನು ಹಾಲಿನ ಪ್ಯಾಕೆಟ್ಟಿಗೆ ವಾಪಸು ಸೇರಿಸಲಿಲ್ಲ. ಮೇಜಿನ ಮೇಲೆ ಅನಿಲ್‌ನ ಪ್ಯಾಡಿನ ಅಡಿಯಲ್ಲೇ ಬಿಟ್ಟು, ಗಂಟೆ ಐದಾಯಿತೆಂದು ಅಡುಗೆಮನೆಗೆ ಹೋದರು. ನಾಳೆಯ ಇಡ್ಲಿಗೆ ನಾಲ್ಕು ಪಾವು ಅಕ್ಕಿ ಅಳೆದು ದೊಡ್ಡ ಪಾತ್ರೆಗೆ ಹಾಕಿದರು, ಒಂದು ಪಾವು ಉದ್ದನ್ನು ಬೇರೆ ಪಾತ್ರೆಗೆ, ಮೇಲೆ ಒಂದು ಚಿಟಿಕೆ ಮೆಂತೆ. ಮೊದಲ ನೀರು ಮಡ್ಡಿಯಾಗಿ ಬಂತು, ಚೆಲ್ಲಿದರು. ಎರಡನೆಯದನ್ನೂ ಚೆಲ್ಲಿದರು. ಮೂರನೆಯ ನೀರಿನಲ್ಲಿ ಅಕ್ಕಿ ಕಾಳು ಕಾಳಾಗಿ ಕಂಡ ಮೇಲೆ, ನಾಲ್ಕು ಬೆರಳು ಮೇಲೆ ನಿಲ್ಲುವಷ್ಟು ನೀರು ಹೊಯ್ದು ತಟ್ಟೆ ಮುಚ್ಚಿದರು.